ಹೊಸ ಕಿಡ್ನಿ ಬಂತು, ಕಾಲಿಗೆ ಬಲ ಬರುವುದು ಯಾವಾಗ?

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗನನ್ನು ನೋಡಿದೆ. ಮಾಸ್ಕ್ ಹಾಕಿದ್ದ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇತ್ತು. ಅವನ ಅಮ್ಮ ಅದನ್ನು ಕಿತ್ತುಕೊಂಡು "ಭಾರ ಎತ್ತಬೇಡ" ಅಂದರು. ಟ್ರಾನ್ಸ್‌ಪ್ಲಾಂಟ್ ಆಗಿ ಎಷ್ಟು ದಿನ ಆಯ್ತಪ್ಪಾ ಅಂತ ಕೇಳಿದೆ. ಒಂದು ವರ್ಷ ನಾಲ್ಕು ತಿಂಗಳು ಅಂದ. ಅಮ್ಮಾ, ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಆ ಭಯ ನನಗೆ ಚೆನ್ನಾಗಿ ಗೊತ್ತು, ನಮ್ಮ ಮನೆಯಲ್ಲೂ ಇತ್ತು. ನಾನು ಬರೆದುಕೊಂಡು ಬಂದಿರುವುದು ಬೇರೆ ಥರ ಶುರುವಾಗುತ್ತದೆ, ಅದನ್ನು ಪಕ್ಕಕ್ಕಿಟ್ಟು ಆ ಬಾಟಲಿಯಿಂದಲೇ ಶುರು ಮಾಡುತ್ತೇನೆ.

ಕ್ರಿಯೇಟಿನಿನ್ ಅಂದರೇನು, ಟ್ಯಾಕ್ರೋ ಲೆವೆಲ್ ಅಂದರೇನು ಅಂತ ಈ ಹಾಲ್‌ನಲ್ಲಿ ಬಹಳ ಜನಕ್ಕೆ ಹೇಳಬೇಕಾಗಿಲ್ಲ. ಹೊಸಬರಿಗೆ ಮಾತ್ರ ಒಂದು ಮಾತು: ಕ್ರಿಯೇಟಿನಿನ್ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಲೆಕ್ಕ, ಅದು ಏರಿದರೆ ಚಿಂತೆ. ಟ್ಯಾಕ್ರೋ ಅಂದರೆ ಟ್ಯಾಕ್ರೋಲಿಮಸ್, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದ ಹಾಗೆ ನುಂಗುವ ಔಷಧಿ, ಅದು ರಕ್ತದಲ್ಲಿ ಎಷ್ಟಿದೆ ಅನ್ನುವುದೇ ಲೆವೆಲ್. ನನ್ನ ಕಥೆ ಹೇಳುತ್ತೇನೆ.

ನನಗೆ ಕಿಡ್ನಿ ಕೊಟ್ಟವಳು ನನ್ನ ಅಕ್ಕ. ಮೂರು ವರ್ಷ ಡಯಾಲಿಸಿಸ್ ಆದ ಮೇಲೆ ಆಪರೇಷನ್ ಆಯ್ತು. ಮನೆಗೆ ಬಂದಾಗ ಕ್ರಿಯೇಟಿನಿನ್ 1.1. ಎಲ್ಲರಿಗೂ ಖುಷಿ. ಒಂದು ಬೆಳಗ್ಗೆ ಕಾಲಿನ ಉಗುರು ತೆಗೆಯೋಣ ಅಂತ ಗಿಡ್ಡ ಸ್ಟೂಲ್ ಮೇಲೆ ಕೂತೆ. ಉಗುರು ತೆಗೆದಾಯ್ತು, ಏಳಲು ಹೋದೆ, ಆಗಲಿಲ್ಲ. ನೋವೇನೂ ಇರಲಿಲ್ಲ, ಹೊಲಿಗೆ ಎಳೆಯುತ್ತಲೂ ಇರಲಿಲ್ಲ. ತೊಡೆಗೆ ಏಳು ಅಂದರೆ ಅದು ಕೇಳಿಸಿಕೊಳ್ಳಲೇ ಇಲ್ಲ. ಎರಡೂ ಕೈ ಮಂಡಿ ಮೇಲೆ ಊರಿ ಒತ್ತಿದೆ. ಟ್ಯಾಕ್ರೋಲಿಮಸ್‌ನಿಂದ ಬೆರಳು ಮೊದಲೇ ನಡುಗುತ್ತಿದ್ದವು, ಈಗ ಮೊಣಕೈವರೆಗೂ ನಡುಕ. ಗೋಡೆ ಹಿಡಿಯೋಣ ಅಂದರೆ ಅದು ಒಂದು ಮಾರು ದೂರ. ಉಗುರಿನ ಚೂರುಗಳನ್ನು ನೋಡುತ್ತಾ ಹತ್ತು ನಿಮಿಷ ಹಾಗೇ ಕೂತಿದ್ದೆ. ಕೊನೆಗೆ ಅಕ್ಕನನ್ನು ಕರೆದೆ. ಅವಳೂ ಆಗಷ್ಟೇ ಕಿಡ್ನಿ ಕೊಟ್ಟವಳು, ಹೊಟ್ಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳೂ ಭಾರ ಎತ್ತುವ ಹಾಗಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಗು ಬಂತು, ನಗುವ ಹಾಗೂ ಇರಲಿಲ್ಲ, ನಕ್ಕರೆ ಇಬ್ಬರಿಗೂ ಹೊಲಿಗೆ ನೋವು.

ಆಮೇಲೆ ಮನೆಯವರೆಲ್ಲ ಸೇರಿ ಏನು ತೀರ್ಮಾನ ಮಾಡಿದರು ಗೊತ್ತಾ? ಇನ್ನೂ ಜಾಸ್ತಿ ವಿಶ್ರಾಂತಿ ಬೇಕು ಅಂತ. ಊಟ ಹಾಸಿಗೆಗೆ, ನೀರು ಹಾಸಿಗೆಗೆ. ಪ್ರೀತಿಯಿಂದಲೇ ಮಾಡಿದರು. ಎರಡು ತಿಂಗಳು ಕಳೆಯಿತು. ಕ್ರಿಯೇಟಿನಿನ್ 1.1ರಲ್ಲೇ ಇತ್ತು. ನನಗೆ ನಾಲ್ಕು ಮೆಟ್ಟಿಲು ಹತ್ತಲು ಕಂಬಿ ಬೇಕಾಗಿತ್ತು.

ನನಗೆ ಹೇಳಬೇಕಾಗಿರುವುದು ಇಷ್ಟೇ. ಕಿಡ್ನಿ ಉಳಿಸಿಕೊಳ್ಳಬೇಕು ಅಂತ ನಾವು ಮನುಷ್ಯನನ್ನು ಕೂರಿಸಿಬಿಡುತ್ತೇವೆ. ಹೊಸ ಕಿಡ್ನಿ ರಕ್ತ ಶುದ್ಧ ಮಾಡುತ್ತದೆ. ಕರಗಿಹೋದ ತೊಡೆಯನ್ನು ಅದು ವಾಪಸ್ ತಂದುಕೊಡುವುದಿಲ್ಲ. ಆ ಕೆಲಸ ನಾವೇ ಮಾಡಬೇಕು.

ಈ ತೊಡೆ ಎಲ್ಲಿ ಹೋಯ್ತು ಅಂತ ಒಮ್ಮೆ ಯೋಚನೆ ಮಾಡಿ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ, ಅದು ಸ್ನಾಯುವನ್ನು ಒಡೆಯುತ್ತದೆ. ಡಯಾಲಿಸಿಸ್ ದಿನಗಳಲ್ಲಿ ಊಟ ಸೇರುವುದಿಲ್ಲ, ಸುಸ್ತು, ವಾರಕ್ಕೆ ಮೂರು ದಿನ ಗಂಟೆಗಟ್ಟಲೆ ಮಲಗಿರುವುದೇ ಕೆಲಸ. ಆಮೇಲೆ ಆಪರೇಷನ್. ಅದರ ಹಿಂದೆಯೇ ಸ್ಟೀರಾಯ್ಡ್. ಸ್ಟೀರಾಯ್ಡ್‌ಗೆ ಒಂದು ಸ್ವಭಾವ ಇದೆ, ಅದು ಮೊದಲು ಕೈಹಾಕುವುದು ಸೊಂಟ ಮತ್ತು ತೊಡೆಯ ಸ್ನಾಯುಗಳಿಗೆ. ಅದಕ್ಕೇ ನಮಗೆ ಪೆನ್ನು ಹಿಡಿಯಲು, ತಟ್ಟೆ ಎತ್ತಲು ತೊಂದರೆ ಆಗುವುದಿಲ್ಲ, ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಆಗುತ್ತದೆ. ಹಾಗಂತ ಮಾತ್ರೆ ಬಿಡುವ ಹಾಗಿಲ್ಲ, ಬಿಟ್ಟರೆ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ಒಪ್ಪದೆ ಅದರ ಮೇಲೆ ತಿರುಗಿ ಬೀಳುವ ಅಪಾಯ. ಮಾತ್ರೆ ಒಂದು ಕಡೆಯಿಂದ ಕರಗಿಸುತ್ತಿದ್ದರೆ ನಾವು ಇನ್ನೊಂದು ಕಡೆಯಿಂದ ಕಟ್ಟುತ್ತಾ ಹೋಗಬೇಕು, ಬೇರೆ ದಾರಿ ಇಲ್ಲ.

ನನಗೆ ದಾರಿ ತೋರಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಅವರು ಡಂಬೆಲ್ ತರಲಿಲ್ಲ. ಒಂದು ಗಟ್ಟಿ ಕುರ್ಚಿ ತಂದು ಗೋಡೆಗೆ ಒತ್ತಿ ಇಟ್ಟರು, ಹಿಂದೆ ಜಾರಬಾರದು ಅಂತ. ಅದರ ಮೇಲೆ ಎರಡು ದಿಂಬು. "ಕೈ ಎದೆ ಮೇಲೆ ಕಟ್ಟಿ, ಈಗ ಏಳಿ" ಅಂದರು. ಅಷ್ಟು ಎತ್ತರದಿಂದ ಎದ್ದೆ! ಒಂದು ಸಲ, ಎರಡು ಸಲ. ಐದನೇ ಸಲಕ್ಕೆ ತೊಡೆ ಗಡಗಡ ನಡುಗಿತು. ಸಾಕು ಅಂದರು. ಏಳುವಾಗ ಉಸಿರು ಬಿಡಬೇಕು, ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು. ಉಸಿರು ಬಿಗಿಹಿಡಿದು ಮುಕ್ಕಿದರೆ ಹೊಟ್ಟೆಯೊಳಗೆ ಒತ್ತಡ ಏರುತ್ತದೆ, ಬಿಪಿ ಏರುತ್ತದೆ, ಹೊಲಿಗೆ ಜಾಗದಲ್ಲಿ ಹರ್ನಿಯಾ ಆಗುವ ಅಪಾಯವೂ ಇದೆ. ದಿನ ಬಿಟ್ಟು ದಿನ ಇದೇ ಕೆಲಸ. ಸುಲಭವಾಗಿ ಹತ್ತು ಸಲ ಎದ್ದ ದಿನ ಒಂದು ದಿಂಬು ತೆಗೆದರು. ಮತ್ತೆ ಮೊದಲಿನಿಂದ ಕಷ್ಟ. ಎರಡನೇ ದಿಂಬು ತೆಗೆಯಲು ನನಗೆ ಏಳು ವಾರ ಹಿಡಿಯಿತು. ಬರೀ ಕುರ್ಚಿಯಿಂದ ಕೈ ಊರದೆ ಎದ್ದ ದಿನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಕ್ರಿಯೇಟಿನಿನ್ ಎಷ್ಟು ಅಂತ ಕೇಳಿದಳು. ಅದು ಹಾಗೇ ಇದೆ, ದಿಂಬು ಹೋಯ್ತು ಅಂದೆ.

ಈಗ ಹೊಲಿಗೆಯ ವಿಷಯ. ಹೊಸ ಕಿಡ್ನಿಯನ್ನು ಬೆನ್ನಿನ ಕಡೆ ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಹೊಟ್ಟೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ಬಲಗಡೆ, ಚರ್ಮದ ಕೆಳಗೆ ಕೈಗೆ ಸಿಗುವಷ್ಟು ಹತ್ತಿರ ಇಡುತ್ತಾರೆ. ಅಲ್ಲಿ ಪಕ್ಕೆಲುಬಿನ ಕಾವಲು ಇಲ್ಲ. ಹಾಗಾಗಿ ಬಾಕ್ಸಿಂಗ್, ಕುಸ್ತಿ, ಕರಾಟೆ ಥರ ಹೊಟ್ಟೆಗೆ ಏಟು ಬೀಳುವ ಆಟಗಳು ಬೇಡ ಅಂತಲೇ ಡಾಕ್ಟರು ಹೇಳುತ್ತಾರೆ. ಮೊದಲ 6ರಿಂದ 8 ವಾರ 4-5 ಕೆಜಿಗಿಂತ ಜಾಸ್ತಿ ಎತ್ತಬಾರದು, ಹೊಟ್ಟೆ ಹಿಂಡುವ ಸಿಟ್‌ಅಪ್, ಪ್ಲ್ಯಾಂಕ್ ಮುಟ್ಟಬಾರದು. ಆಮೇಲೂ ನಿಮ್ಮ ಸರ್ಜನ್ ಹೂಂ ಅಂದ ಮೇಲೆಯೇ ಸ್ವಲ್ಪ ಸ್ವಲ್ಪ ಏರಿಸಬೇಕು. ಈ ಮಿತಿ ನಿಜ, ಇದನ್ನು ಯಾರೂ ಮೀರಬೇಡಿ. ಆದರೆ ಇದು ಭಾರಕ್ಕೆ ಹಾಕಿದ ಮಿತಿ, ನಡಿಗೆಗೆ ಹಾಕಿದ್ದಲ್ಲ. ಎಲ್ಲ ಸರಿ ಇದ್ದರೆ ಆಪರೇಷನ್ ಆದ ಮರುದಿನವೇ ನಿಮ್ಮನ್ನು ಎಬ್ಬಿಸಿ ನಡೆಸುತ್ತಾರೆ, ಅಲ್ವಾ? ಆಸ್ಪತ್ರೆಯಲ್ಲಿ ನಡೆದವರು ಮನೆಗೆ ಬಂದು ಮಲಗುವುದು ಯಾಕೆ? ನನಗೆ ಸಿಟ್ಟು ಬರುವುದು ಇಲ್ಲೇ.

ಕೆಲವರು ಈ ಕಡೆ ಅತಿ ಮಾಡಿದರೆ ಇನ್ನು ಕೆಲವರು ಆ ಕಡೆ. ಕ್ರೊವೇಷಿಯಾದ ಫುಟ್‌ಬಾಲ್ ಆಟಗಾರ ಇವಾನ್ ಕ್ಲಾಸ್ನಿಚ್ ಹೆಸರು ಕೇಳಿದ್ದೀರಾ? 2007ರಲ್ಲಿ ಅಮ್ಮ ಕೊಟ್ಟ ಕಿಡ್ನಿಯನ್ನು ದೇಹ ಒಪ್ಪಲಿಲ್ಲ. ಅದೇ ವರ್ಷ ಅಪ್ಪನ ಕಿಡ್ನಿ ಹಾಕಿದರು. 2008ರ ಯೂರೋ ಕಪ್‌ನಲ್ಲಿ ಆಡಿ ಗೋಲು ಹೊಡೆದರು. ಅವರನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಗುಂಪಿನ ಒಬ್ಬ ಗೆಳೆಯ ಆ ಕಥೆ ಕೇಳಿ ನಾಲ್ಕನೇ ತಿಂಗಳಿಗೇ ಓಡಲು ಹೋದ, ವಾರದಲ್ಲಿ ಮಂಡಿ ಊದಿಸಿಕೊಂಡು ಬಂದ. ಕ್ಲಾಸ್ನಿಚ್ ವೃತ್ತಿಯ ಆಟಗಾರ, ಸುತ್ತ ಡಾಕ್ಟರುಗಳಿದ್ದರು. ನಮ್ಮ ಅಳತೆಗೋಲು ನಿನ್ನೆಯ ನಾವೇ. ಆಟದ ಆಸೆ ಇದ್ದವರಿಗೆ ವರ್ಲ್ಡ್ ಟ್ರಾನ್ಸ್‌ಪ್ಲಾಂಟ್ ಗೇಮ್ಸ್ ಇದೆ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಗಿದ್ದು. ಅಂಗಾಂಗ ಕಸಿ ಆದವರೇ ಅಲ್ಲಿ ಓಡುತ್ತಾರೆ, ಈಜುತ್ತಾರೆ.

ನಡಿಗೆ ಹೇಗೆ ಏರಿಸುವುದು? ಮೊದಲು ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಮುಂದಿನ ವಾರ ಎರಡು ನಿಮಿಷ ಸೇರಿಸಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. ಮಾತೇ ಹೊರಡುತ್ತಿಲ್ಲ ಅಂದರೆ ನಿಧಾನ ಮಾಡಿ. ಕೈಗಡಿಯಾರದ ನಾಡಿ ಲೆಕ್ಕ ನಂಬಬೇಡಿ ಅಂತ ನಾನು ಹೇಳುತ್ತಿರುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ಬಿಪಿಗೆ ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುತ್ತೇವೆ. ಅದು ನಾಡಿಯನ್ನು ಹಿಡಿದಿಡುತ್ತದೆ. ನೀವು ಸುಸ್ತಾಗಿ ಬೀಳುವ ಹಾಗಿದ್ದರೂ ಗಡಿಯಾರ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಅಲ್ಲಿಗೆ ತಲುಪಲು ನಿಮಗೆ ಆರು ತಿಂಗಳು ಹಿಡಿದರೆ ಹಿಡಿಯಲಿ. ಆ ಎರಡು ದಿನವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, "ನಾನು ವಾಕಿಂಗ್ ಮಾಡ್ತೀನಲ್ಲ" ಅಂತ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ನಮಗೆ ಹೃದಯದ ಕಾಯಿಲೆಯ ಅಪಾಯ ಜಾಸ್ತಿ, ಹಾಗಾಗಿ ಬೇಕೇ ಬೇಕು. ತೊಡೆಗೆ ಮಾತ್ರ ಕುರ್ಚಿಯೇ ಬೇಕು.

ಇನ್ನು ಹತ್ತೇ ನಿಮಿಷ ಅಂತ ಚೀಟಿ ಬಂತು. ನಾನು ದಿಂಬಿನ ಕಥೆಯಲ್ಲೇ ಸಮಯ ಕಳೆದುಬಿಟ್ಟೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ರಕ್ತ ಪರೀಕ್ಷೆಯ ಹಿಂದಿನ ದಿನ ಜೋರು ವ್ಯಾಯಾಮ ಬೇಡ. ಸ್ನಾಯು ದಣಿದರೆ ಕ್ರಿಯೇಟಿನಿನ್ ಸ್ವಲ್ಪ ಮೇಲೆ ತೋರಿಸಬಹುದು, ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಹಾಗಂತ ಏರಿದ್ದನ್ನು ನೀವೇ ವ್ಯಾಯಾಮದ ಲೆಕ್ಕಕ್ಕೆ ಹಾಕಿ ಸುಮ್ನೆ ಇರಬೇಡಿ, ಡಾಕ್ಟರಿಗೆ ಹೇಳಿ, ಮತ್ತೆ ಪರೀಕ್ಷೆ ಮಾಡಿಸಿ.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ. ಅವು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ, ಟ್ಯಾಕ್ರೋಲಿಮಸ್ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು. ಜಿಮ್‌ನಲ್ಲಿ ಸ್ನಾಯು ಬೆಳೆಸಲು ಕೊಡುವ ಕ್ರಿಯೇಟಿನ್ ಪುಡಿ, ಗಿಡಮೂಲಿಕೆ ಪುಡಿ, ಇನ್ನೊಂದು ಮತ್ತೊಂದು, ಯಾವುದನ್ನೂ ಕೇಳದೆ ಮುಟ್ಟಬೇಡಿ.

ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಹಿಮ್ಮಡಿಯ ಹಿಂದಿನ ನರ ನೋಯುತ್ತಿದೆಯಾ ಗಮನಿಸಿ. ನರ ಅಂತ ನಾವು ಬಾಯಿಮಾತಿಗೆ ಅನ್ನುವುದು, ಅದು ಸ್ನಾಯುರಜ್ಜು. ಸ್ಟೀರಾಯ್ಡ್ ಜೊತೆ ಈ ಔಷಧಿ ಸೇರಿದರೆ ಅದು ಹರಿಯುವ ಸಾಧ್ಯತೆ ಜಾಸ್ತಿ. ನೋವು ಕಂಡರೆ ವ್ಯಾಯಾಮ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ತೊಡೆಸಂದಿನ ನೋವು ವಾರಗಟ್ಟಲೆ ಹೋಗದಿದ್ದರೂ ಹೇಳಿ, ಸ್ಟೀರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಕಡಿಮೆಯಾಗುವುದು ಉಂಟು.

ಡಿಜೆ ಸ್ಟೆಂಟ್, ಅಂದರೆ ಮೂತ್ರನಾಳದಲ್ಲಿ ತಾತ್ಕಾಲಿಕವಾಗಿ ಇಟ್ಟ ಸಣ್ಣ ಕೊಳವೆ, ತೆಗೆಯುವ ತನಕ, ಗಾಯ ಪೂರ್ತಿ ಒಣಗುವ ತನಕ ಈಜು ಬೇಡ. ಬಿಸಿಲಲ್ಲಿ ನಡೆಯುವವರು ಟೋಪಿ, ತುಂಬುತೋಳು, ಸನ್‌ಸ್ಕ್ರೀನ್ ಮರೆಯಬೇಡಿ, ನಮ್ಮ ಮಾತ್ರೆಗಳಿಂದ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಕಿಡ್ನಿ ಜಾಗ ನೋಯುತ್ತಿದ್ದರೆ, ಮೂತ್ರ ಕಡಿಮೆಯಾದರೆ, ಒಂದೆರಡು ದಿನದಲ್ಲಿ ತೂಕ ಏರಿ ಕಾಲು ಊದಿದರೆ ಅವತ್ತು ವ್ಯಾಯಾಮ ಇಲ್ಲ, ಆಸ್ಪತ್ರೆಗೆ ಕರೆ ಮಾಡುವುದು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಸಹಾಯಕ್ಕೆ ಕೂಗಿ.

ಫಿಸ್ಟುಲಾ ಕೈ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಕೈ), ಮೂಳೆಯ ಬಗ್ಗೆ ಇನ್ನೂ ಎರಡು ಪುಟ ಇದೆ, ಬಿಡೋಣ. ಪ್ರಶ್ನೆಗಳ ಚೀಟಿ ಕೊಡಿ, ಒಂದನ್ನಾದರೂ ಓದುತ್ತೇನೆ.

"ಆಪರೇಷನ್ ಆಗಿ ಐದು ವಾರ. ಮಗಳಿಗೆ ಎರಡು ವರ್ಷ, ಎತ್ತಿಕೋ ಅಂತ ಅಳುತ್ತಾಳೆ. ಯಾವಾಗ ಎತ್ತಿಕೊಳ್ಳಬಹುದು?"

ಎರಡು ವರ್ಷದ ಮಗು ಅಂದರೆ ಹತ್ತು ಹನ್ನೆರಡು ಕೆಜಿ. ಈಗ ಬೇಡಮ್ಮಾ. ಮೂರು ತಿಂಗಳ ಹತ್ತಿರ ನಿಮ್ಮ ಸರ್ಜನ್ನೇ ಕೇಳಿ, ಎಷ್ಟು ಕೆಜಿ ಅಂತ ತೂಕ ಹೇಳಿಯೇ ಕೇಳಿ. ಅಲ್ಲಿಯವರೆಗೆ ನೀವು ಸೋಫಾ ಮೇಲೆ ಕೂತುಕೊಳ್ಳಿ, ಅವಳೇ ಹತ್ತಿ ಬರಲಿ, ಹೊಲಿಗೆ ಇಲ್ಲದ ಕಡೆಯಿಂದ. ಹೊಲಿಗೆ ಇರುವ ಬದಿಗೆ ಒಂದು ದಿಂಬು ಅಡ್ಡ ಇಟ್ಟುಕೊಳ್ಳಿ, ಮಕ್ಕಳ ಮಂಡಿ ಎಲ್ಲಿ ಬೀಳುತ್ತದೆ ಅಂತ ಹೇಳಲಾಗುವುದಿಲ್ಲ. ಅವಳು ಇಳಿದು ಹೋದ ಮೇಲೆ ಅದೇ ಸೋಫಾ ತುದಿಗೆ ಸರಿದು, ಉಸಿರು ಬಿಡುತ್ತಾ, ಐದು ಸಲ ಎದ್ದು ಕೂತುಕೊಳ್ಳಿ. ಸದ್ಯಕ್ಕೆ ಕೈ ಊರಿದರೂ ಪರವಾಗಿಲ್ಲ.