ಮಾರಲಾಗದ ಮನೆ, ಊರು ಬಿಡುವ ಗಂಡಸು

ಹಿರಿಯರೇ, ತಾಯಂದಿರೇ, ವಾಚನಾಲಯದ ಗೆಳೆಯರೇ,

ಕಳೆದ ತಿಂಗಳು ನಮ್ಮ ಕುಟುಂಬದ ಮನೆಯ ಪಾಲುಪಟ್ಟಿಗೆ ಸಹಿ ಹಾಕಿ ಬಂದೆ. ಮುಂಬಯಿಯಿಂದ ಬಂದವರು, ದುಬೈಯಿಂದ ಬಂದವರು ಎಲ್ಲ ಸೇರಿ ನಲವತ್ತೇಳು ಸಹಿಗಳು. ನನ್ನ ಸರದಿ ಬಂದಾಗ ಪೆನ್ನು ಹಿಡಿದುಕೊಂಡೇ ಒಬ್ಬ ಅಜ್ಜಿಯ ನೆನಪಾಯಿತು. ಇಂಡೊನೇಷ್ಯದ ಪಶ್ಚಿಮ ಸುಮಾತ್ರದಲ್ಲಿ ಪರಿಯಾಂಗನ್ ಅಂತ ಒಂದು ಹಳ್ಳಿ. ಅಲ್ಲಿ ಮೂರು ವಾರ ನನಗೆ ಅನ್ನ ಹಾಕಿದವರು ಅವರು. ಒಂದು ಸಂಜೆ ಕೇಳಿದರು, ‘ನಿನ್ನ ತಾಯಿಯ ಮನೆಯಲ್ಲಿ ಈಗ ಯಾರಿದ್ದಾರೆ?’ ಯಾರೂ ಇಲ್ಲ, ಬೀಗ ಹಾಕಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೊಮ್ಮಗಳಿಂದ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಕೇಳಿಸಿದರು. ನಾನು ಅದೇ ಉತ್ತರ ಕೊಟ್ಟೆ. ಆಗ ಅಜ್ಜಿ ಹೇಳಿದ್ದು: ‘ಹಾಗಾದರೆ ನೀನು ಹೊರಟದ್ದು ಎಲ್ಲಿಂದ?’

ಇವತ್ತು ಪ್ರವಾಸದ ಅನುಭವ ಹೇಳಬೇಕೆಂದು ಕರೆದಿದ್ದೀರಿ. ನಾನು ಆಸ್ತಿಯ ವಿಷಯವನ್ನೇ ಹೇಳುತ್ತೇನೆ. ಆ ಊರಿನಲ್ಲಿ ಆಸ್ತಿ ಮತ್ತು ಪ್ರಯಾಣ ಬೇರೆ ಬೇರೆ ಅಲ್ಲ.

ತಾಯಿಯ ಕಡೆಯಿಂದ ಆಸ್ತಿ ಇಳಿಯುವ ನಮ್ಮ ಅಳಿಯಸಂತಾನ ಕಟ್ಟು, ತಾಯಿಯಿಂದ ಬರುವ ಕುಲವಾದ ಬಳಿ, ಒಬ್ಬ ಹೆಣ್ಣಿನ ಸಂತತಿಯ ಕವಲಾದ ಕವರು, ಇವನ್ನು ಈ ಸಭೆಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆ ಕಟ್ಟನ್ನು ತಂದನೆನ್ನುವ ಭೂತಾಳ ಪಾಂಡ್ಯನ ಕಥೆ ಕೇಳಿಯೇ ಬೆಳೆದವರು ನಾವು. ಆ ಅಜ್ಜಿಯ ಮಿನಾಂಗ್‌ಕಬಾವ್ ಜನ ಅದನ್ನು ನಮಗಿಂತ ದೊಡ್ಡ ಪ್ರಮಾಣದಲ್ಲಿ ಇಂದಿಗೂ ಬದುಕುತ್ತಿದ್ದಾರೆ. ಇಂಡೊನೇಷ್ಯದ 2010ರ ಜನಗಣತಿಯಲ್ಲಿ ಅವರು ಸುಮಾರು 64 ಲಕ್ಷ. ಬಹುತೇಕ ಎಲ್ಲರೂ ಮುಸ್ಲಿಮರು, ಗಟ್ಟಿ ಶ್ರದ್ಧೆಯವರು. ಆದರೂ ಗದ್ದೆ ಮತ್ತು ಮನೆ ತಾಯಿಯಿಂದ ಮಗಳಿಗೆ. ಕುಲಕ್ಕೆ ‘ಸುಕು’ ಅನ್ನುತ್ತಾರೆ, ಅದೂ ತಾಯಿಯದೇ. ಸೋದರಮಾವನಿಗೆ ‘ಮಾಮಾಕ್’. ಮೊದಲ ದಿನ ಅದನ್ನು ಕೇಳಿದಾಗ ನಮ್ಮೂರಿನ ಯಾರೋ ‘ಮಾಮಾ’ ಎಂದು ಕರೆದ ಹಾಗಾಗಿ ತಿರುಗಿ ನೋಡಿದೆ. ಹಳ್ಳಿಗೆ ಅವರು ಹೇಳುವ ಹೆಸರು ‘ನಗರಿ’. ಆಸ್ತಿಗೆ ‘ಹರ್ತೊ’, ಅದು ನಮ್ಮ ‘ಅರ್ಥ’ವೇ.

ಪರಿಯಾಂಗನ್ ಇರುವುದು ಮರಾಪಿ ಬೆಟ್ಟದ ಮಡಿಲಲ್ಲಿ. ಜಾವಾದ ಮೆರಾಪಿ ಬೇರೆ, ಇದು ಸುಮಾತ್ರದ ಮರಾಪಿ, 2,891 ಮೀಟರ್, ಉಸಿರಾಡುತ್ತಿರುವ ಜ್ವಾಲಾಮುಖಿ. ಬೆಟ್ಟದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ, ಮಧ್ಯೆ ಹಳೆಯ ಮಸೀದಿ, ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ. ತಮ್ಮ ಜನರ ಮೊದಲ ನಗರಿ ಇದೇ ಎಂದು ಅವರ ನಂಬಿಕೆ. ಹಳೆಯ ಮನೆಗಳ ಮಾಡು ಎರಡೂ ತುದಿಯಲ್ಲಿ ಕೋಡಿನಂತೆ ಮೇಲಕ್ಕೆ ಬಾಗಿರುತ್ತದೆ. ಯಾಕೆ ಎಂದು ಕೇಳಿದರೆ ಕಥೆ ಶುರು. ಕಂಬಳದ ಊರಿನವರಾದ ನಿಮಗೆ ಇದನ್ನು ಹೇಳದೆ ನಾನು ಮುಂದೆ ಹೋಗಲಾರೆ.

ಜಾವಾದ ಕಡೆಯಿಂದ ದೊಡ್ಡ ಸೈನ್ಯ ಬಂತಂತೆ. ಊರಿನ ಹಿರಿಯರು ಕೂತು ಮಾತಾಡಿದರು. ಅವರದ್ದು ಎಲ್ಲದಕ್ಕೂ ಕೂತು ಮಾತಾಡುವ ಜಾತಿ. ‘ಜನ ಯಾಕೆ ಸಾಯಬೇಕು, ನಿಮ್ಮದೊಂದು ಕೋಣ ತನ್ನಿ, ನಮ್ಮದೊಂದು ತರುತ್ತೇವೆ, ಗೆದ್ದವರದ್ದು ನೆಲ’ ಎಂದು ಹೇಳಿ ಕಳಿಸಿದರು. ಆ ಕಡೆಯವರು ಆನೆಯಂಥ ಕೋಣವನ್ನು ಹುಡುಕಿ ತಂದರು. ಈ ಕಡೆಯವರು ಏನು ತಂದರು? ಇನ್ನೂ ಹಾಲು ಬಿಡದ ಒಂದು ಕರು! ಮೂರು ದಿನ ತಾಯಿಯಿಂದ ದೂರ ಕಟ್ಟಿಹಾಕಿದ್ದರು ಎಂದು ನನಗೆ ಹೇಳಿದ ಅಜ್ಜಿ ಸೇರಿಸಿದರು. ಪಕ್ಕದ ಮನೆಯಾಕೆ ‘ಏಳು ದಿನ’ ಎಂದರು. ಅದರ ಮೇಲೆ ಇಬ್ಬರಿಗೂ ಹತ್ತು ನಿಮಿಷ ವಾದವಾಯಿತು. ಕರುವಿನ ಮೂತಿಗೆ ಹರಿತವಾದ ಕಬ್ಬಿಣದ ಮೊನೆ ಕಟ್ಟಿದ್ದರು. ಬಿಟ್ಟ ಕೂಡಲೇ ಹಸಿದ ಕರು ಕೋಣವನ್ನು ತಾಯಿ ಎಂದುಕೊಂಡು ನೇರ ಹೊಟ್ಟೆಯ ಕೆಳಗೆ ನುಗ್ಗಿತು. ದೊಡ್ಡ ಕೋಣ ಕರುವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೊಟ್ಟೆ ಸೀಳಿ ಬಿತ್ತು. ‘ಮನಾಂಗ್ ಕಬಾವ್’, ಕೋಣ ಗೆದ್ದಿತು. ಜನಕ್ಕೆ ಹೆಸರು ಬಂದದ್ದು ಅಲ್ಲಿಂದ ಎಂದು ಕಥೆ.

ಜನ ಇದನ್ನು ಬುದ್ಧಿವಂತಿಕೆಯ ಕಥೆ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಊರಿನ ನೆಲ ಉಳಿಸಿದ್ದು ತಾಯಿಯನ್ನು ಹುಡುಕಿಕೊಂಡು ಓಡಿದ ಕರು.

ಈಗ ಮನೆಯೊಳಗೆ ಬನ್ನಿ. ‘ರುಮಾ ಗಡಾಂಗ್’, ಅಂದರೆ ದೊಡ್ಡ ಮನೆ. ಹಿಂಬದಿಯಲ್ಲಿ ಸಾಲಾಗಿ ಕೋಣೆಗಳು, ಮದುವೆಯಾದ ಒಬ್ಬೊಬ್ಬ ಹೆಣ್ಣಿಗೆ ಒಂದೊಂದು. ಗಂಡುಮಕ್ಕಳಿಗೆ ಕೋಣೆಯೇ ಇಲ್ಲ. ಹುಡುಗ ಸ್ವಲ್ಪ ದೊಡ್ಡವನಾದರೆ ರಾತ್ರಿ ಮಲಗಲು ‘ಸುರಾವ್’ಗೆ, ಅಂದರೆ ಊರಿನ ಪ್ರಾರ್ಥನಾಮಂದಿರಕ್ಕೆ ಹೋಗಬೇಕು. ಅಲ್ಲೇ ಕುರಾನ್ ಪಾಠ, ಅಲ್ಲೇ ಗರಡಿ. ಮದುವೆಯಾದ ಮೇಲೆ ಹೆಂಡತಿಯ ಮನೆಗೆ ರಾತ್ರಿ ಹೋಗುವ ನೆಂಟ. ಅಲ್ಲಿ ಅಳಿಯನ ಸ್ಥಾನ ಏನೆಂದು ಒಂದು ಗಾದೆ ಹೇಳುತ್ತದೆ: ಸುಟ್ಟ ಬೊಡ್ಡೆಯ ಮೇಲಿನ ಬೂದಿ. ಗಾಳಿ ಬಂದರೆ ಹೋಯಿತು. ಹಗಲಿನಲ್ಲಿ ಅದೇ ಗಂಡಸು ತನ್ನ ತಾಯಿಮನೆಯಲ್ಲಿ ಮಾಮಾಕ್, ಅಕ್ಕತಂಗಿಯರ ಮಕ್ಕಳಿಗೆ ದಿಕ್ಕು. ಈಚಿನ ತಲೆಮಾರುಗಳಲ್ಲಿ ಇದು ಸಡಿಲವಾಗಿದೆ, ಗಂಡ ಹೆಂಡತಿ ಬೇರೆ ಮನೆ ಕಟ್ಟಿಕೊಂಡು ಇರುವವರೇ ಹೆಚ್ಚು. ಆದರೆ ಗದ್ದೆ ಅಲುಗಾಡಿಲ್ಲ.

ಹಾಗಾದರೆ ಗಂಡಸು ಏನು ಮಾಡುತ್ತಾನೆ? ಊರು ಬಿಡುತ್ತಾನೆ. ಅದಕ್ಕೆ ‘ಮರಂತಾವ್’ ಎಂದು ಹೆಸರು. ಊರಲ್ಲಿ ಇನ್ನೂ ಉಪಯೋಗಕ್ಕೆ ಬಾರದ ಹುಡುಗ ಮೊದಲು ಪರಸ್ಥಳಕ್ಕೆ ಹೋಗಲಿ ಎಂದು ಅವರ ಪದ್ಯವೊಂದಿದೆ. ಇಂಡೊನೇಷ್ಯದ ಯಾವ ಪೇಟೆಗೆ ಹೋದರೂ, ಅವರ ನಾಡಿನ ಪಡಾಂಗ್ ಪಟ್ಟಣದ ಹೆಸರಿನ ‘ಪಡಾಂಗ್ ಊಟದ ಮನೆ’ ಸಿಗುತ್ತದೆ, ನಮ್ಮ ಉಡುಪಿ ಹೋಟೆಲಿನ ಹಾಗೆ. ಕೇಳುವ ಮೊದಲೇ ಹತ್ತಾರು ತಟ್ಟೆ ತಂದಿಡುತ್ತಾರೆ. ತಿಂದಷ್ಟಕ್ಕೆ ಮಾತ್ರ ದುಡ್ಡು. ಹಳೆಯ ಪದ್ಧತಿಯ ಹೋಟೆಲುಗಳಲ್ಲಿ ಕೆಲಸದವರಿಗೆ ಸಂಬಳದ ಬದಲು ಲಾಭದಲ್ಲಿ ಪಾಲು. ರೆಂಡಾಂಗ್ ಎಂಬ ಅವರ ಮಾಂಸದ ಪದಾರ್ಥ ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಬೆಂದು ಒಣಗುತ್ತದೆ. ವಾರಗಟ್ಟಲೆ ಕೆಡುವುದಿಲ್ಲ. ದಾರಿಬುತ್ತಿಗೆಂದೇ ಮಾಡಿದಂತಿದೆ.

ಇಂಡೊನೇಷ್ಯದ ಮೊದಲ ಉಪಾಧ್ಯಕ್ಷ ಮೊಹಮ್ಮದ್ ಹತ್ತಾ 1902ರಲ್ಲಿ ಹುಟ್ಟಿದ್ದು ಇದೇ ಎತ್ತರದ ನಾಡಿನ ಬುಕಿತ್ತಿಂಗಿಯಲ್ಲಿ. ಮೊದಲ ಪ್ರಧಾನಿ ಸುತಾನ್ ಶಹರೀರ್ ಪಡಾಂಗ್ ಪಂಜಾಂಗಿನವರು. ಕ್ರಾಂತಿಕಾರಿ ತಾನ್ ಮಲಾಕ ಕೂಡ ಇಲ್ಲಿಯ ಹಳ್ಳಿಯವರೇ. ಇಷ್ಟು ಚಿಕ್ಕ ನಾಡಿನಿಂದ ಇಷ್ಟು ಜನ ಹೇಗೆ ಎಂದರೆ, ನನ್ನ ಉತ್ತರ ಇದು: ಮಾರಲಾಗದ ಮನೆ ಹಿಂದೆ ಇರುವವನು ಧೈರ್ಯವಾಗಿ ಹೊರಡುತ್ತಾನೆ. ವ್ಯಾಪಾರದಲ್ಲಿ ಸೋತರೂ, ಜೈಲಿಗೆ ಹೋದರೂ, ಅಕ್ಕನ ಒಲೆ ಉರಿಯುತ್ತಲೇ ಇರುತ್ತದೆ. ಅವನ ಸಾಲಕ್ಕೆ ಆ ಗದ್ದೆಯನ್ನು ಯಾರೂ ಮುಟ್ಟುವಂತಿಲ್ಲ, ಯಾಕೆಂದರೆ ಅದು ಅವನದ್ದಲ್ಲ.

‘ಮಾರಲಾಗದ’ ಎಂದೆ. ತಲೆತಲಾಂತರದ ಆಸ್ತಿ ‘ಪುಸಾಕೊ ತಿಂಗಿ’, ಎತ್ತರದ ಆಸ್ತಿ. ಅದನ್ನು ಅಡವಿಡಲು ಮಾತ್ರ ಅವಕಾಶ, ಅದೂ ನಾಲ್ಕೇ ಕಾರಣಕ್ಕೆ. ಮನೆಯ ನಡುವೆ ಹೆಣ ಮಲಗಿದೆ, ಸಂಸ್ಕಾರಕ್ಕೆ ದುಡ್ಡಿಲ್ಲ. ಬೆಳೆದ ಮಗಳಿಗೆ ಮದುವೆಯಾಗಿಲ್ಲ. ದೊಡ್ಡ ಮನೆ ಸೋರುತ್ತಿದೆ. ನಾಲ್ಕನೆಯದನ್ನು ಅವರ ಮಾತಿನಲ್ಲೇ ಹೇಳಬೇಕು: ‘ಮುಳುಗಿದ ಮರದ ದಿಮ್ಮಿಯನ್ನು ಎತ್ತುವುದು’. ಕುಲದ ಮುಖ್ಯಸ್ಥನ ಪಟ್ಟ ಖಾಲಿ ಬಿದ್ದಿದ್ದರೆ ಮತ್ತೆ ಒಬ್ಬನನ್ನು ಕೂರಿಸುವುದು. ಕಾರು ಕೊಳ್ಳುವುದು ಈ ನಾಲ್ಕರಲ್ಲಿ ಇಲ್ಲ. ನಮ್ಮ ಪಾಲುಪಟ್ಟಿಯ ದಿನ ಹೊರಗೆ ಎರಡು ಹೊಸ ಕಾರು ನಿಂತಿದ್ದವು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ, ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಧರ್ಮಕ್ಕೆ ಇದು ಒಪ್ಪುತ್ತದೆಯೇ ಎಂಬ ಜಗಳ ಅಲ್ಲಿಯೂ ನಡೆದಿದೆ. ಮೆಕ್ಕಾದಲ್ಲಿ ಇಮಾಮರಾಗಿದ್ದ ಅಹ್ಮದ್ ಖತೀಬ್ ಇದೇ ನಾಡಿನವರು. ತಾಯಿಕಟ್ಟಿನ ಆಸ್ತಿ ಶರೀಯತ್ತಿಗೆ ವಿರುದ್ಧ ಎಂದು ಬರೆದರು, ಊರಿಗೆ ಮರಳಿ ಬಂದು ನೆಲೆಸಲಿಲ್ಲ. ಕೊನೆಗೆ 1952ರಲ್ಲಿ ಬುಕಿತ್ತಿಂಗಿಯಲ್ಲಿ ಮೌಲವಿಗಳೂ ಕುಲದ ಹಿರಿಯರೂ ಸೇರಿ ಕೂತರು. ಮತ್ತೆ ಕೂತು ಮಾತಾಡುವ ಜಾತಿ, ನೋಡಿ! ಹಿರಿಯರಿಂದ ಬಂದದ್ದು ತಾಯಿಯ ಕಟ್ಟಿಗೆ, ಸ್ವಂತ ದುಡಿದದ್ದು ಶರೀಯತ್ತಿನಂತೆ ಮಕ್ಕಳಿಗೆ ಎಂದು ಒಪ್ಪಿಕೊಂಡರು. ಎರಡೂ ಉಳಿಯಿತು. ಅದಕ್ಕೆ ಮೂರು ವರ್ಷ ಮೊದಲು, 1949ರಲ್ಲಿ, ಮದರಾಸಿನ ಅಳಿಯಸಂತಾನ ಕಾಯಿದೆ ನಮ್ಮ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದದ್ದನ್ನು ಮಾಡಿತು. ನಮ್ಮಲ್ಲಿ ಯಜಮಾನನ ದಬ್ಬಾಳಿಕೆ ಇತ್ತು, ತಂದೆಯ ದುಡಿಮೆ ಸ್ವಂತ ಮಕ್ಕಳಿಗೆ ಸಿಗದ ನೋವಿತ್ತು, ಒಪ್ಪುತ್ತೇನೆ. ನನ್ನ ತಕರಾರು ಒಂದೇ. ದುಡಿದದ್ದನ್ನು ಹಂಚಿ, ಅಂಗಳವನ್ನು ಹಂಚದೆ ಇರುವ ದಾರಿ ಒಂದಿತ್ತು.

ಅಧ್ಯಕ್ಷರಿಂದ ಚೀಟಿ ಬಂತು, ಐದು ನಿಮಿಷ. ಬರೆದುಕೊಂಡು ಬಂದದ್ದು ಇನ್ನೂ ಇದೆ, ಬೇಗ ಬೇಗ ಹೇಳುತ್ತೇನೆ.

ಅಲ್ಲಿಯೂ ಎಲ್ಲ ಸರಿ ಇಲ್ಲ. ಪಟ್ಟೆಪತ್ರ ಮಾಡಿಸುವಾಗ ಮಾಮಾಕ್‌ನ ಹೆಸರು ಬರೆಸಿದರೆ, ಅವನು ಸತ್ತ ಮೇಲೆ ಅವನ ಮಕ್ಕಳು ಬಂದು ನಮ್ಮದು ಅನ್ನುವ ಭಯವಿದೆ. ಅದಕ್ಕೇ ‘ರಂಜಿ’ ಎಂಬ ವಂಶವೃಕ್ಷ ಮುಖ್ಯ. ಹೆಣ್ಣಿನ ಕಡೆಯಿಂದ ಬರೆದದ್ದು, ಕುಲದ ಹಿರಿಯರ ಸಹಿ ಇರುವಂಥದ್ದು. ಇನ್ನು, ಸರ್ಕಾರ 1983ರಲ್ಲಿ ನಗರಿಗಳನ್ನು ಒಡೆದು ಜಾವಾ ಮಾದರಿಯ ಹಳ್ಳಿಗಳನ್ನಾಗಿ ಮಾಡಿತ್ತು. 2000ದ ನಂತರ ಜನ ನಗರಿಯನ್ನು ವಾಪಸ್ ಪಡೆದರು. ಒಡೆದದ್ದನ್ನು ಕೂಡಿಸಬಹುದು ಎಂಬುದಕ್ಕೆ ಇದನ್ನು ಹೇಳಿದೆ.

ಪ್ರಯಾಣದ ಬಗ್ಗೆ ಹೇಳದಿದ್ದರೆ ಕರೆದವರಿಗೆ ಬೇಸರವಾದೀತು. ಮನಿಂಜಾವ್ ಕೆರೆಗೆ ಇಳಿಯುವ ರಸ್ತೆಯಲ್ಲಿ ನಲವತ್ತನಾಲ್ಕು ತಿರುವು, ಪ್ರತಿಯೊಂದಕ್ಕೂ ನಂಬರ್ ಫಲಕ, ಆಗುಂಬೆ ಘಾಟಿಯನ್ನು ಮೂರು ಸಲ ಇಳಿದ ಹಾಗೆ. ರಂಜಾನ್ ಹಬ್ಬಕ್ಕೆ ಜಕಾರ್ತದಿಂದ ಸಾಲುಸಾಲು ವಾಹನ, ಸುಂದಾ ಜಲಸಂಧಿಯನ್ನು ಹಡಗಿನಲ್ಲಿ ದಾಟಿ, ಸುಮಾತ್ರದ ಉದ್ದಕ್ಕೆ ಹಗಲು ರಾತ್ರಿ ಓಡಿ ಊರಿಗೆ ಬರುತ್ತವೆ. ‘ಪುಲಾಂಗ್ ಬಸಾಮೊ’ ಅನ್ನುತ್ತಾರೆ, ಒಟ್ಟಿಗೆ ಮರಳುವುದು. ಮಸೀದಿಯ ರಿಪೇರಿ, ಶಾಲೆಯ ಮಾಡು ಎಲ್ಲಕ್ಕೂ ಚಂದಾ ಆಗ ಎತ್ತುತ್ತಾರೆ. 2024ರ ಮೇ ತಿಂಗಳಲ್ಲಿ ಮರಾಪಿಯ ಬೂದಿ, ಬಂಡೆ ಎಲ್ಲ ಮಳೆನೀರಿನ ಜೊತೆ ಇಳಿದು ಅರುವತ್ತಕ್ಕಿಂತ ಹೆಚ್ಚು ಜನ ಸತ್ತರು. ಅನಾಯ್ ಕಣಿವೆಯ ಹೆದ್ದಾರಿ ಕೊಚ್ಚಿಹೋಯಿತು. ನನ್ನ ಅಜ್ಜಿಯ ಮನೆ ಉಳಿದಿದೆ. ಮೊಮ್ಮಗಳು ಪಟ ಕಳಿಸಿದ್ದಳು.

ಗಂಟೆ ಹೊಡೆದರು. ಒಂದೇ ಮಾತು. ಈ ಊರಿನಲ್ಲಿ ಪಾಲುಪಟ್ಟಿ ಇನ್ನೂ ಆಗದ ದೊಡ್ಡ ಮನೆಗಳು ನನಗೆ ಗೊತ್ತಿರುವಂತೆ ನಾಲ್ಕಿವೆ. ಆ ಮನೆಯವರು ಇಲ್ಲೇ ಕೂತಿದ್ದೀರಿ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ನಾನು ವಾಚನಾಲಯದಲ್ಲಿ ಇರುತ್ತೇನೆ, ವಕೀಲರೊಬ್ಬರೂ ಬರಲು ಒಪ್ಪಿದ್ದಾರೆ. ಮನೆ ಮತ್ತು ಅಂಗಳವನ್ನು ಪಾಲಿನಿಂದ ಹೊರಗಿಟ್ಟು ಎಲ್ಲರ ಹೆಸರಿನಲ್ಲಿ ಉಳಿಸಲು ಈಗಿನ ಕಾನೂನಿನಲ್ಲಿ ಏನು ಮಾಡಬಹುದೆಂದು ಕೂತು ಮಾತಾಡೋಣ. ಬರುವಾಗ ವಂಶಾವಳಿ ಬರೆದು ತನ್ನಿ, ತಾಯಿಯ ಕಡೆಯದು. ಹೆಸರು ನೆನಪಿರುವ ಅಜ್ಜಿಯಂದಿರು ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಆಟೋದ ವ್ಯವಸ್ಥೆ ಮಾಡಿದ್ದೇವೆ.

ನಮಸ್ಕಾರ.