ಎರಡು ಅಲಗು, ಎರಡು ಮೊಹರು

ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ತರುತ್ತೇನೆ. ಹಾಂ, ಈಗ ಅಕ್ಷರ ಕಾಣುತ್ತದೆ ಅಲ್ವಾ?

ಇದು ಅಮೆರಿಕದ ಕೇಸ್ ಕಂಪನಿಯ ಮಡಚುವ ಚಾಕು. ಟ್ರ್ಯಾಪರ್ ಅನ್ನುವ ಮಾದರಿ. ಎರಡು ಉದ್ದ ಅಲಗು, ಎರಡೂ ಒಂದೇ ತುದಿಯಿಂದ ತೆರೆಯುತ್ತವೆ. ಉಡುಪಿಯ ನಮ್ಮ ಮಾವ ಕುವೈತಿನಲ್ಲಿದ್ದಾಗ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಕೊಟ್ಟದ್ದಂತೆ. ಚೂಪು ಮೂತಿಯ ಅಲಗಿನ ಬುಡದಲ್ಲಿ ‘ಕೇಸ್ ಎಕ್ಸ್‌ಎಕ್ಸ್ ಯು.ಎಸ್.ಎ.’ ಅಂತ ಇದೆ. ಮೊಂಡು ಮೂತಿಯದರಲ್ಲಿ ಬರೀ ‘ಕೇಸ್ ಎಕ್ಸ್‌ಎಕ್ಸ್’. “ಯಾರೋ ಅಲಗು ಬದಲಿಸಿ ನನಗೆ ಟೋಪಿ ಹಾಕಿದ್ದಾರೆ ಮಾರಾಯ” ಅಂತ ಮಾವನ ತಕರಾರು.

ಅಷ್ಟು ಬೇಗ ತೀರ್ಪು ಬೇಡ ಮಾವ.

ಕೇಸ್‌ನವರು ಬರೀ ‘ಎಕ್ಸ್‌ಎಕ್ಸ್’ ಮೊಹರು ಹಾಕುತ್ತಿದ್ದದ್ದು ಸುಮಾರು 1940ರಿಂದ 1964ರವರೆಗೆ. 1965ರಲ್ಲಿ ‘ಯು.ಎಸ್.ಎ.’ ಸೇರಿತು. 1970ರಲ್ಲಿ ಅದರ ಕೆಳಗೆ ಹತ್ತು ಚುಕ್ಕಿ ಬಂತು, ಮುಂದೆ ವರ್ಷಕ್ಕೊಂದು ಚುಕ್ಕಿ ಕಡಿಮೆ. 1979ಕ್ಕೆ ಒಂದೇ ಚುಕ್ಕಿ. ಆದರೆ ಮೊಹರು ಬದಲಾಯಿತು ಅಂತ ಕಾರ್ಖಾನೆಯವರು ಡಬ್ಬದಲ್ಲಿ ಉಳಿದ ಹಳೇ ಅಲಗುಗಳನ್ನು ಎಸೆಯುತ್ತಾರಾ? ಹೋಟೆಲಿನವರು ಹಳೇ ಬಿಲ್ ಪುಸ್ತಕ ಮುಗಿಯುವ ತನಕ ಹೊಸದನ್ನು ಬಿಚ್ಚದ ಹಾಗೆ, ಇದ್ದದ್ದನ್ನು ಜೋಡಿಸಿ ಕಳಿಸಿದರು. ಹಾಗಾಗಿ ಒಂದೇ ಚಾಕುವಿನಲ್ಲಿ ಎರಡು ಕಾಲದ ಮೊಹರು. ಸಂಗ್ರಹ ಮಾಡುವವರು ಇದನ್ನು ‘ಟ್ರಾನ್ಸಿಶನ್’ ಅನ್ನುತ್ತಾರೆ.

ಹಾಗಂತ ಕಂಡದ್ದೆಲ್ಲ ಟ್ರಾನ್ಸಿಶನ್ ಅಲ್ಲ. ಈ ಹೆಸರಲ್ಲಿ ಕಲಬೆರಕೆ ಮಾಲು ಮಾರುವವರು ಬೇಕಾದಷ್ಟಿದ್ದಾರೆ. ಎಕ್ಸ್‌ಎಕ್ಸ್ ಜೊತೆ ಯು.ಎಸ್.ಎ. ಆದರೆ ಸರಿ, ಅಕ್ಕಪಕ್ಕದ ಕಾಲ. ಎಕ್ಸ್‌ಎಕ್ಸ್ ಜೊತೆ ಮೂರು ಚುಕ್ಕಿಯ ಅಲಗು ಇದ್ದರೆ? ಒಂದು 1964ರ ಒಳಗಿನದು, ಇನ್ನೊಂದು 1977ರದ್ದು. ಅದನ್ನು ಯಾರೋ ಆಮೇಲೆ ಬಿಚ್ಚಿ ಕಟ್ಟಿದ್ದು ಅಂತಲೇ ನನ್ನ ಲೆಕ್ಕ.

ಮೊಹರಿಗಿಂತ ನಾನು ಜಾಸ್ತಿ ನಂಬುವುದು ರಿವೆಟ್ಟನ್ನು. ಹಿಡಿಯ ತುದಿಯಲ್ಲಿ ಈ ಬಿಳಿ ಲೋಹದ ಟೊಪ್ಪಿಗೆ ಇದೆಯಲ್ಲ, ಅಲಗು ತಿರುಗುವ ರಿವೆಟ್ ಇದರೊಳಗೆ ಹಾದುಹೋಗುತ್ತದೆ. ಕಾರ್ಖಾನೆಯಲ್ಲಿ ರಿವೆಟ್ಟಿನ ತಲೆಯನ್ನು ಬಡಿದು, ಉಜ್ಜಿ ಸಮ ಮಾಡುವುದರಿಂದ ಅದು ಇರುವ ಜಾಗವೇ ಗೊತ್ತಾಗುವುದಿಲ್ಲ. ಅಲಗು ಬದಲಿಸಬೇಕಾದರೆ ಆ ರಿವೆಟ್ ತೆಗೆಯಲೇಬೇಕು. ಹೊಸದು ಹಾಕಿದರೆ ಹೆಚ್ಚಾಗಿ ತೆಳು ಉಂಗುರದಂಥ ಗೆರೆ ಉಳಿಯುತ್ತದೆ, ಸುತ್ತ ಸುತ್ತಿಗೆಯ ಪೆಟ್ಟೂ ಕಾಣಬಹುದು. ಟಾರ್ಚನ್ನು ಓರೆಯಾಗಿ ಹಿಡಿಯುತ್ತೇನೆ... ಮಾವನ ಚಾಕುವಿನಲ್ಲಿ ಏನೂ ಇಲ್ಲ. ಎರಡು ಕಡೆಯೂ ನುಣ್ಣಗಿದೆ.

ಆಮೇಲೆ ಮಡಚಿ ನೋಡುವುದು. ಬೇರೆ ಚಾಕುವಿನ ಅಲಗಾದರೆ ತುದಿ ಸ್ವಲ್ಪ ಮೇಲೆದ್ದು ಬೆರಳಿಗೆ ತಾಗಬಹುದು. ಇಲ್ಲವೇ ಉಗುರು ಹಾಕಿ ಎಳೆಯುವ ಗೀರು ಒಳಗೆ ಹುದುಗಿರುತ್ತದೆ. ತೆರೆದಾಗ ಬೆನ್ನಿನ ಸ್ಪ್ರಿಂಗ್ ಹಿಡಿಯ ಮಟ್ಟಕ್ಕೇ ಬಂದು ಕೂರಬೇಕು. ಇಲ್ಲಿ ಎರಡೂ ಸರಿ ಕೂತಿವೆ. ಶಬ್ದ ಕೇಳಿ. ಟಕ್. ಇನ್ನೊಂದು, ಟಕ್.

ಬಣ್ಣ ಬೇರೆ ಇದೆ ಅಂತ ಮಾವನ ಇನ್ನೊಂದು ಅನುಮಾನ. ಒಂದು ಬೂದು, ಇನ್ನೊಂದು ಬೆಳ್ಳಗೆ. ಈ ಉಕ್ಕಿಗೆ ಹುಳಿ ತಾಗಿದರೆ ಬಣ್ಣ ಕಟ್ಟುತ್ತದೆ. ಮಾವ ಕಾಟು ಮಾವಿನಕಾಯಿ ಕೊಯ್ಯುವುದು ಯಾವಾಗಲೂ ಚೂಪು ಮೂತಿಯದರಲ್ಲಿ, ಇನ್ನೊಂದನ್ನು ಮುಟ್ಟುವುದೇ ಇಲ್ಲ! ಅದಕ್ಕೇ ಅಲಗಿನ ಮೈ ಬಿಟ್ಟು, ರಿವೆಟ್ಟಿನ ಹತ್ತಿರ ಕೈ ತಾಗದ ಸಂದು ನೋಡಬೇಕು. ಅಲ್ಲಿ ಎರಡರದ್ದೂ ಒಂದೇ ಥರದ ಕಪ್ಪು.

ದಯವಿಟ್ಟು ಇದನ್ನೆಲ್ಲ ಬ್ರಾಸೋ ಹಾಕಿ ತಿಕ್ಕಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತುಕ್ಕು ಬರುವುದು ನಿಜ. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಸಾಕು. ತಿಕ್ಕಿ ಹೊಳಪು ಬರಿಸಿದರೆ ಮೊಹರೂ ಸವೆಯುತ್ತದೆ, ಆ ಕಪ್ಪೂ ಹೋಗುತ್ತದೆ. ಆಮೇಲೆ ನಾನು ಏನನ್ನು ನೋಡಿ ಹೇಳಲಿ?

ಮಾವನಿಗೆ ಈಗ ಇದು ಮೋಸದ ಮಾಲಲ್ಲ ಅಂತ ಗೊತ್ತಾಗಿದೆ. ಮರುಕ್ಷಣವೇ “ಹಾಗಾದ್ರೆ ಎಷ್ಟು ಸಿಕ್ಕೀತು?” ಅಂತ ಕೇಳಿದರು. ಮಾರಲಿಕ್ಕೆ ಅತ್ತೆ ಬಿಡುವುದಿಲ್ಲ, ಅದು ಬೇರೆ ವಿಷಯ.