ಕ್ಯಾನ್ಸರ್ ಚಿಕಿತ್ಸೆ: ಮೊದಲ ಮಾತು ರೋಗಿಯೊಂದಿಗೆ

ಮೈಸೂರು ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಗದ್ದೆಯ ಬದುವಿನಲ್ಲೋ ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಹಲವರು ಕ್ಯಾನ್ಸರ್ ಎಂಬ ಕಾಯಿಲೆಯನ್ನು ಸ್ವಂತ ಮನೆಯಲ್ಲಿ ಇಲ್ಲವೇ ನೆಂಟರ ಮನೆಯಲ್ಲಿ ಕಂಡವರೇ ಇರುತ್ತೀರಿ. ಈ ರೋಗದ ಯಂತ್ರಗಳ ಬಗ್ಗೆ, ಹೊಸ ಔಷಧಗಳ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಆದರೆ ನನಗೆ ಸಿಕ್ಕಿರುವ ಈ ಸ್ವಲ್ಪ ಹೊತ್ತನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ. ಕ್ಯಾನ್ಸರ್ ವೈದ್ಯರು ಮೊದಲು ಮಾತನಾಡಬೇಕಾದದ್ದು ರೋಗಿಯೊಂದಿಗೆ. ಮಗ, ಅಳಿಯ, ಭಾವಮೈದುನರ ಸರದಿ ಆಮೇಲೆ.

ನಮ್ಮ ಹೊರರೋಗಿ ವಿಭಾಗದಲ್ಲಿ ದಿನವೂ ನಡೆಯುವುದನ್ನು ಹೇಳುತ್ತೇನೆ. ಮದ್ದೂರಿನಿಂದಲೋ ನಾಗಮಂಗಲದಿಂದಲೋ ಹುಣಸೂರಿನಿಂದಲೋ ಒಬ್ಬ ತಾಯಿಯನ್ನು ಕರೆದುಕೊಂಡು ಮೂರು ನಾಲ್ಕು ಜನ ಬರುತ್ತಾರೆ. ಆ ತಾಯಿಯ ಬೆನ್ನ ಹಿಂದೆ ನಿಂತ ಮಗ ನನಗೆ ಕಣ್ಸನ್ನೆ ಮಾಡುತ್ತಾನೆ. ಪರೀಕ್ಷೆ ಮುಗಿದು ಅವರನ್ನು ಹೊರಗೆ ಕಳುಹಿಸಿದ ಮೇಲೆ ತಾನೊಬ್ಬನೇ ಹಿಂದಕ್ಕೆ ಬಂದು, "ಸಾರ್, ಅವ್ವಂಗೆ ಮಾತ್ರ ಹೇಳ್ಬೇಡಿ, ಎದೆ ಒಡ್ಕಂಡ್‌ಬುಡ್ತಾಳೆ" ಎಂದು ಕೈಮುಗಿಯುತ್ತಾನೆ. ಅವನ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಈ ಕೋರಿಕೆಯನ್ನು ನಾನು ಒಪ್ಪುವುದಿಲ್ಲ, ನನ್ನ ಕೈಕೆಳಗೆ ಕಲಿಯುವ ಕಿರಿಯ ವೈದ್ಯರೂ ಒಪ್ಪಬಾರದೆಂದು ಹೇಳುತ್ತೇನೆ.

ಹಿಂದೆ ವೈದ್ಯರೇ ಹೀಗೆ ಮುಚ್ಚಿಡುತ್ತಿದ್ದರು ಎಂಬುದು ನಿಜ. 1961ರಲ್ಲಿ ಅಮೆರಿಕದ ಚಿಕಾಗೋ ನಗರದ ಆಸ್ಪತ್ರೆಯೊಂದರ ವೈದ್ಯರನ್ನು ಕೇಳಿದಾಗ ಶೇಕಡಾ 90ರಷ್ಟು ಮಂದಿ, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ಒಳ್ಳೆಯದು ಎಂದಿದ್ದರು. ಅದೇ ಪ್ರಶ್ನೆಗಳನ್ನು 1979ರಲ್ಲಿ ಅದೇ ದೇಶದ ಇನ್ನೊಂದು ಆಸ್ಪತ್ರೆಯಲ್ಲಿ ಕೇಳಿದಾಗ ಶೇಕಡಾ 97ರಷ್ಟು ವೈದ್ಯರು ಹೇಳುವುದೇ ಸರಿ ಎಂದರು. ನಡುವಿನ ವರ್ಷಗಳಲ್ಲಿ ಚಿಕಿತ್ಸೆಗಳು ಬೆಳೆದಿದ್ದವು, ವಾರಗಟ್ಟಲೆ ತಿಂಗಳುಗಟ್ಟಲೆ ನಡೆಯುವ ಆ ಚಿಕಿತ್ಸೆಗಳನ್ನು ರೋಗಿಯ ಸಹಕಾರವಿಲ್ಲದೆ ಕೊನೆಮುಟ್ಟಿಸಲು ಸಾಧ್ಯವಿರಲಿಲ್ಲ. ನಮ್ಮ ದೇಶದ ಕಾನೂನೂ ಸ್ಪಷ್ಟವಾಗಿದೆ. ಅರಿವಳಿಕೆಯಲ್ಲಿದ್ದ ಒಬ್ಬ ವಯಸ್ಕ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿ ಇಲ್ಲದಿರುವಾಗ ಹೆತ್ತ ತಾಯಿಯ ಒಪ್ಪಿಗೆಯೂ ಮಗಳ ಒಪ್ಪಿಗೆಗೆ ಬದಲಾಗದು ಎಂದು ಸುಪ್ರೀಂ ಕೋರ್ಟು 2008ರಲ್ಲೇ ತೀರ್ಪು ಕೊಟ್ಟಿದೆ. ರೋಗ ಯಾವುದೆಂದೇ ತಿಳಿಯದ ವ್ಯಕ್ತಿ ಯಾವುದಕ್ಕೆಂದು ಒಪ್ಪಿಗೆ ಕೊಡಬೇಕು?

ಇದು ಬರಿಯ ಕಾನೂನಿನ ಮಾತೆಂದು ತಿಳಿಯಬೇಡಿ. ಮಂಡ್ಯ ತಾಲ್ಲೂಕಿನ, ಆಲೆಮನೆ ನಡೆಸುತ್ತಿದ್ದ ಒಬ್ಬ ಹಿರಿಯರ ವಿಷಯ ಹೇಳಿದರೆ ನಿಮಗೇ ಅರ್ಥವಾಗುತ್ತದೆ. ಎಲೆಅಡಿಕೆಯ ಜೊತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವ ಅಭ್ಯಾಸ ಅವರಿಗೆ ಹರೆಯದಿಂದಲೂ ಇತ್ತು. ಕೆನ್ನೆಯ ಒಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಶಸ್ತ್ರಚಿಕಿತ್ಸೆಯೂ ಆಯಿತು. ಮಕ್ಕಳಿಬ್ಬರೂ ಅಪ್ಪನಿಗೆ ಹೇಳಿದ್ದು ಮಾತ್ರ "ವಸಡಿನ ಗೆಡ್ಡೆ" ಎಂದು. ಅನಂತರ ಅವರು ವಿಕಿರಣ ಚಿಕಿತ್ಸೆಗೆ, ಅಂದರೆ ನಮ್ಮ ಜನ "ಕರೆಂಟ್ ಕೊಡೋದು" ಎನ್ನುತ್ತಾರಲ್ಲ, ಅದಕ್ಕೆ ಬರತೊಡಗಿದರು. ವಾರಕ್ಕೆ 5 ದಿನದಂತೆ 6 ವಾರ, ಒಟ್ಟು 30 ಸಲ ಕೊಡಬೇಕಾಗಿತ್ತು. ಮೂರನೆಯ ವಾರದಲ್ಲಿ, ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಆಗುವಂತೆ, ಅವರ ಬಾಯಿಯೆಲ್ಲ ಹುಣ್ಣಾಯಿತು, ರುಚಿ ಹೋಯಿತು, ಮುದ್ದೆ ನುಂಗುವುದಿರಲಿ ಮಜ್ಜಿಗೆ ಕುಡಿಯುವುದೂ ಕಷ್ಟವಾಯಿತು. ಅವರು ಬರುವುದನ್ನು ನಿಲ್ಲಿಸಿಬಿಟ್ಟರು.

ಈ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಏನಾಗುತ್ತದೆಂದು ಗಮನವಿಟ್ಟು ಕೇಳಿ. ಅಳಿದುಳಿದ ಕ್ಯಾನ್ಸರ್ ಕೋಶಗಳು ಆ ಬಿಡುವಿನಲ್ಲಿ ಮತ್ತೆ ವೇಗವಾಗಿ ಬೆಳೆಯುತ್ತವೆ, ಒಂದೊಂದು ದಿನ ತಪ್ಪಿದಂತೆಯೂ ರೋಗ ಹತೋಟಿಗೆ ಬರುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಮಕ್ಕಳು ಬೇಡಿಕೊಂಡರು, ಗದರಿದರು, ಧರ್ಮಸ್ಥಳದ ಮೇಲೆ ಆಣೆಯನ್ನೂ ಇಟ್ಟರು. ಹಿರಿಯರು ಜಗ್ಗಲಿಲ್ಲ. ಕೊನೆಗೆ ಒಂದು ಸಲ ನನ್ನ ಹತ್ತಿರ ಕರೆತರುವುದಕ್ಕೆ ಮಾತ್ರ ಒಪ್ಪಿಸಿದರು. ನಾನು ಮಕ್ಕಳನ್ನು ಹೊರಗೆ ಕೂರಿಸಿ, "ನಿಮಗೆ ಏನು ಕಾಯಿಲೆಯೆಂದು ತಿಳ್ಕೊಂಡಿದ್ದೀರಿ?" ಎಂದು ಕೇಳಿದೆ. "ಗೆಡ್ಡೆ ಇತ್ತು, ಕುಯ್ದು ಎಸೆದ್ರಿ. ಹೋದ ಗೆಡ್ಡೆಗೆ ಬಾಯ್ ಯಾಕ್ ಸುಡ್ತೀರಿ?" ಎಂದರು. ಅವರ ತರ್ಕದಲ್ಲಿ ಒಂದು ತಪ್ಪಿತ್ತೇ? ಅವರಿಗೆ ತಿಳಿಸಿದ್ದಷ್ಟರ ಮೇಲೆ ನಿರ್ಧರಿಸುವುದಾದರೆ ಯಾವ ಬುದ್ಧಿವಂತನಾದರೂ ಅದನ್ನೇ ಮಾಡುತ್ತಿದ್ದ.

"ನಿಮ್ಮ ಕಾಯಿಲೆಯ ವಿಷಯ ಪೂರ್ತಿ ತಿಳಿಯಬೇಕೆಂದು ನಿಮಗಿದೆಯೇ, ಅಥವಾ ಮಕ್ಕಳಿಗೆ ಹೇಳಿದರೆ ಸಾಕೇ?" ಎಂದು ಕೇಳಿದೆ. "ಬಾಯಿ ನಂದಲ್ವಾ?" ಎಂದರು. ಹೇಳಿದೆ. ಕ್ಯಾನ್ಸರ್ ಎಂದೇ ಹೇಳಿದೆ, ಉಳಿದಿರಬಹುದಾದ ಕೋಶಗಳನ್ನು ಕೊಲ್ಲುವುದಕ್ಕೆ ಕರೆಂಟ್ ಕೊಡುತ್ತಿದ್ದೇವೆಂದೂ, ಈ ಹುಣ್ಣು ರೋಗದ್ದಲ್ಲ, ಚಿಕಿತ್ಸೆಯದು, ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಕಡ್ಡಿಪುಡಿಯಿಂದಲೇ ಬಂತೇ ಎಂದು ಕೇಳಿದರು, ಹೌದು ಎಂದೆ. ಮೊಮ್ಮಗುವನ್ನು ಮುದ್ದಿಸಿದರೆ ಅಂಟುತ್ತದೆಯೇ ಎಂದು ಕೇಳಿದರು, ಖಂಡಿತ ಇಲ್ಲ ಎಂದೆ. ಕೊನೆಗೆ ಅವರೇ ಹೇಳಿದರು: "ಅಂಗಾರೆ ಪಾಕ ಅದುಕ್ಕೆ ಬರಾಕ್ ಮುಂಚೆ ಒಲೆ ಆರ್ಸ್‌ದಂಗಾಯ್ತು. ನಾಳಿಂದ ಬತ್ತೀನಿ." ಮರುದಿನದಿಂದ ಬಂದರು. ಬಾಯಿಗೆ ಮರಗಟ್ಟಿಸುವ ಔಷಧ, ಗಂಜಿ, ನೋವಿನ ಮಾತ್ರೆಗಳೊಂದಿಗೆ ಉಳಿದದ್ದನ್ನೆಲ್ಲ ಮುಗಿಸಿದರು. ತಪ್ಪಿದ ದಿನಗಳನ್ನು ಮಾತ್ರ ಯಾರೂ ಅವರಿಗೆ ಹಿಂದಕ್ಕೆ ಕೊಡಲಾಗಲಿಲ್ಲ, ಅದು ನನಗೆ ಇವತ್ತಿಗೂ ಸಂಕಟದ ವಿಷಯ. ಮಕ್ಕಳ ಆಣೆ ಮಾಡಲಾಗದ್ದನ್ನು ನಿಜವಾದ ಒಂದು ಮಾತು ಮಾಡಿತು.

ಈ ಒಂದು ಸಂಗತಿಯಲ್ಲೇ ಹೊತ್ತು ಬಹಳ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋವನ್ನು ತಡೆದುಕೊಂಡು ಮಲಗುವುದು ಸಹನೆ ಎಂದು ತಿಳಿಯಬೇಡಿ. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ತಿಳಿಸಿದೆ, ಮಾರ್ಫಿನ್ ಮಾತ್ರೆ ರೋಗಿಗಳಿಗೆ ಸುಲಭವಾಗಿ ಸಿಗಲೆಂದು ನಮ್ಮ ಸಂಸತ್ತು 2014ರಲ್ಲಿ ಕಾನೂನನ್ನೇ ತಿದ್ದಿದೆ. ಚಟ ಹಿಡಿಯುತ್ತದೆಂದು ಹೆದರಿ ಆ ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಡುವವರಿಗೆ ನಾನು ಹೇಳುವುದಿಷ್ಟೇ: ನೋವು ಎಷ್ಟಿದೆಯೆಂದು ರೋಗಿಯನ್ನು ಕೇಳಿ, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ಉಪಶಮನ ಚಿಕಿತ್ಸೆ, ಅಂದರೆ ರೋಗಿಯ ನೋವು ಸಂಕಟಗಳನ್ನು ತಗ್ಗಿಸುವ ಆರೈಕೆ, ಎಂದರೆ ಕೈಬಿಟ್ಟಂತೆ ಎನ್ನುವುದೂ ಸುಳ್ಳು. ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಅದನ್ನೂ ಕೊಟ್ಟಾಗ ಅವರು ಹೆಚ್ಚು ನೆಮ್ಮದಿಯಿಂದ, ಅದು ಸಿಗದವರಿಗಿಂತ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದನ್ನು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹಣದ ಚಿಂತೆಯಿಂದ ತಡಮಾಡಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ರೋಗಿಯನ್ನು ವೈದ್ಯರ ಎದುರಿನ ಕುರ್ಚಿಯಲ್ಲೇ ಕೂರಿಸಿ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ನನಗೆ ಏನು ಕಾಯಿಲೆ, ಈ ಚಿಕಿತ್ಸೆ ಯಾವುದಕ್ಕೆ, ಇದರಿಂದ ನನಗೆ ಏನೇನು ತೊಂದರೆಯಾಗಬಹುದು ಎಂಬ ಮೂರು ಪ್ರಶ್ನೆಗಳನ್ನು ರೋಗಿಯೇ ಕೇಳಲಿ. ವೈದ್ಯರು ಉತ್ತರವನ್ನು ನಿಮ್ಮ ಮುಖ ನೋಡಿ ಹೇಳತೊಡಗಿದರೆ, "ಅವರಿಗೇ ಹೇಳಿ ಡಾಕ್ಟ್ರೇ" ಎಂದು ಧೈರ್ಯವಾಗಿ ಹೇಳಿ. ನಮಸ್ಕಾರ.